ಮಗಳ ಪ್ರಶ್ನೆಗೆ ಹೆದರಬೇಡ ಕಣೋ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ಅಜ್ಜಿಗೋಸ್ಕರ ಅಷ್ಟೆಲ್ಲಾ ಪ್ರಾರ್ಥನೆ ಮಾಡಿದ್ವಲ್ಲಪ್ಪಾ, ಯೇಸು ಕೇಳಿಸ್ಕೊಳ್ಳಿಲ್ವಾ ಅಂತ ಅಜ್ಜಿ ತೀರಿಕೊಂಡ್ಮೇಲೆ ಮಗಳು ಕೇಳಿದ್ದು, ಆಮೇಲೆ ಚರ್ಚ್ ಸಭೆಯವರು ಯಾರೋ ಬಂದು ನಂಬಿಕೆ ಇನ್ನೂ ಗಟ್ಟಿಯಾಗಿದ್ದಿದ್ರೆ ವಾಸಿಯಾಗ್ತಿತ್ತು ಅಂತ ಅವಳೆದುರಿಗೇ ಹೇಳಿ ಹೋಗಿದ್ದು, ಅವತ್ತಿಂದ ಅವಳು ರಾತ್ರಿ ಪ್ರಾರ್ಥನೆಗೆ ಬಂದು ಕೂತ್ರೂ ಬಾಯೇ ಬಿಡ್ತಿಲ್ಲ ಅನ್ನೋದು, ಎಲ್ಲಾ ಕೇಳಿ ತುಂಬಾ ಸಂಕಟ ಆಯ್ತು. ನೀನು ಒಪ್ಪಿದ್ದಕ್ಕೇ ಇದನ್ನ ಎಲ್ರೂ ಓದೋ ಹಾಗೆ ಬರೀತಿದೀನಿ, ಇದೇ ಪ್ರಶ್ನೆ ಇಟ್ಕೊಂಡು ಯಾರ ಹತ್ರ ಕೇಳೋದು ಅಂತ ಗೊತ್ತಾಗದೆ ಕೂತಿರೋ ಅಪ್ಪ ಅಮ್ಮಂದಿರು ಬೇಕಾದಷ್ಟು ಜನ ಇದಾರೆ.

ಮೊದಲು ಆ ನಂಬಿಕೆ ಸಾಲದೇ ಹೋಯ್ತು ಅನ್ನೋ ಮಾತನ್ನ ಅವಳ ತಲೆಯಿಂದ ತೆಗಿ. ಬೇರೆ ಯಾವುದಕ್ಕೂ ಕಾಯ್ಬೇಡ, ಇದನ್ನ ಇವತ್ತೇ ಮಾಡು. ಒಂಬತ್ತು ವರ್ಷದ ಮಗು ಆ ಮಾತನ್ನ ಹೇಗೆ ಅರ್ಥ ಮಾಡ್ಕೊಳ್ಳುತ್ತೆ ಗೊತ್ತಾ, ನನ್ನಿಂದ ಅಜ್ಜಿ ಸತ್ರು ಅಂತ. ಗೆತ್ಸೆಮನೆ ತೋಟದ ಕಥೆ ಓದಿ ಹೇಳು ಅವಳಿಗೆ. ಸಾಧ್ಯ ಇದ್ರೆ ಈ ಪಾತ್ರೆ, ಅಂದ್ರೆ ಬರಲಿರೋ ಈ ಸಂಕಟ, ನನ್ನಿಂದ ತೊಲಗಲಿ ಅಂತ ಯೇಸುವೇ ಬೇಡ್ಕೊಂಡ, ತೊಲಗಲಿಲ್ಲ, ಮಾರನೇ ದಿನ ಶಿಲುಬೆಗೆ ಹಾಕಿದ್ರು. ಯೇಸುವಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರಾದ್ರೂ ಹೇಳೋಕಾಗುತ್ತಾ? ಕೇಳಿದ್ದು ಸಿಗಲಿಲ್ಲ ಅಂದ ಮಾತ್ರಕ್ಕೆ ಕೇಳಿದವರದ್ದು ತಪ್ಪು ಅಲ್ಲ, ಇಷ್ಟು ಅವಳಿಗೆ ಖಂಡಿತ ಅರ್ಥ ಆಗುತ್ತೆ.

ಹಾಗಾದ್ರೆ ದೇವರು ಯಾಕೆ ವಾಸಿ ಮಾಡ್ಲಿಲ್ಲ ಅಂತ ಕೇಳ್ತಾಳೆ, ಕೇಳೇ ಕೇಳ್ತಾಳೆ. ನಂಗೊತ್ತಿಲ್ಲ ಪುಟ್ಟಾ ಅಂತ ಹೇಳು. ನಂಗೂ ಅಳು ಬಂತು, ನಾನೂ ದೇವರನ್ನ ಇದನ್ನೇ ಕೇಳ್ತಿದೀನಿ ಅಂತ ಹೇಳು. ಲಾಜರ ಸತ್ತಾಗ ಮಾರ್ಥ ಯೇಸುವಿನ ಎದುರಿಗೇ ನಿಂತು ನೀನು ಇಲ್ಲಿದ್ದಿದ್ರೆ ನನ್ನ ತಮ್ಮ ಸಾಯ್ತಿರ್ಲಿಲ್ಲ ಅಂದ್ಲು, ಆಮೇಲೆ ಅವಳ ತಂಗಿ ಮರಿಯ ಬಂದು ಅದೇ ಮಾತು ಹೇಳಿದ್ಲು. ಹಾಗೆಲ್ಲಾ ಮಾತಾಡಬಾರದು ಅಂತ ಅವನು ಇಬ್ಬರಿಗೂ ಗದರಲಿಲ್ಲ, ಅತ್ತ. ಸ್ವಲ್ಪ ಹೊತ್ತಲ್ಲಿ ಲಾಜರನನ್ನ ಸಾವಿನಿಂದ ಎಬ್ಬಿಸ್ತೀನಿ ಅಂತ ಗೊತ್ತಿದ್ರೂ ಅತ್ತ. ಆ ಭಾಗ ಓದುವಾಗ ನಂಗೆ ಈಗ್ಲೂ ಗಂಟಲು ಕಟ್ಟುತ್ತೆ.

ಬೈಬಲ್‌ನ ಯಾಕೋಬನ ಪತ್ರದ ಮಾತು ಹೇಳಿದ್ಯಲ್ಲ, ಸಂದೇಹ ಪಡೋನು ಸಮುದ್ರದ ತೆರೆ ಇದ್ದ ಹಾಗೆ ಅಂತ, ಅದನ್ನ ನೆನೆಸ್ಕೊಂಡೇ ನಿಂಗೆ ಭಯ ಆಗಿರೋದು. ಅದರ ಹಿಂದಿನ ವಚನಾನೂ ಓದು. ಜ್ಞಾನ ಕಡಿಮೆ ಇರೋನು ದೇವರನ್ನ ಕೇಳ್ಕೊಳ್ಳಲಿ, ಆತ ಹಂಗಿಸದೆ ಎಲ್ಲರಿಗೂ ಕೊಡ್ತಾನೆ ಅಂತಿದೆ. ಹಂಗಿಸದೆ! ತೆರೆ ಥರ ಅಂತ ಹೇಳಿರೋದು ಎರಡು ಮನಸ್ಸಿಟ್ಕೊಂಡು ಅತ್ಲಾಗೂ ಇತ್ಲಾಗೂ ಓಲಾಡೋ ಮನುಷ್ಯನಿಗೆ, ನಿಜ ತಿಳ್ಕೋಬೇಕು ಅಂತ ಅಪ್ಪನ ಹತ್ರ ಬಂದು ಕೇಳೋ ಮಗುಗಲ್ಲ. ದೇವರೇ ಹಂಗಿಸದೆ ಕೊಡುವಾಗ ನಾವು ಯಾಕೆ ಕಣ್ಣು ಕೆಂಪಗೆ ಮಾಡ್ಬೇಕು ಹೇಳು.

ಸಂಡೇ ಸ್ಕೂಲ್‌ನಲ್ಲಿ ನಮ್ಮ ಮಕ್ಕಳಿಗೆ, ಯೇಸು ಸಾವಿನಿಂದ ಎದ್ದು ಬಂದ ಅಂದಾಗ ಗಾಯ ನೋಡಿ ಮುಟ್ಟದೆ ನಂಬಲ್ಲ ಅಂದ ಶಿಷ್ಯ ತೋಮನ ಪಾಠ ಮಾಡ್ತಿದ್ದಾಗ ಒಬ್ಬ ಹುಡುಗ ಕೈ ಎತ್ತಿ ಅಕ್ಕಾ, ತೋಮ ನಿಜವಾಗ್ಲೂ ಯೇಸುವಿನ ಗಾಯ ಮುಟ್ಟಿದ್ನಾ ಅಂತ ಕೇಳ್ದ. ಎಲ್ರಿಗೂ ಬೈಬಲ್ ತೆಗೆಸಿ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ಓದಿಸ್ದೆ. ಮುಟ್ಟು ಅಂತ ಯೇಸು ಕರೆದ ಅಂತಿದೆ, ತೋಮ ನನ್ನ ಕರ್ತನೇ ನನ್ನ ದೇವರೇ ಅಂದ ಅಂತಿದೆ, ಮುಟ್ಟಿದ ಅಂತ ಬರೆದೇ ಇಲ್ಲ! ಚಿತ್ರಗಳಲ್ಲಿ ಬೆರಳು ಗಾಯದೊಳಗೇ ಇರುತ್ತಲ್ಲ, ಅದಕ್ಕೇ ನಾವೆಲ್ಲಾ ಹಾಗೇ ಅನ್ಕೊಂಡಿರ್ತೀವಿ. ಅವತ್ತು ಆ ಮಕ್ಕಳು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದ್ದು ನೋಡ್ಬೇಕಿತ್ತು ನೀನು, ಬಾಯಿಪಾಠ ವಚನ ಒಪ್ಪಿಸುವಾಗ ಯಾವತ್ತೂ ಹಾಗೆ ಓದಲ್ಲ. ಅನುಮಾನದ ತೋಮ ಅಂತ ಹೆಸರಿಟ್ಟು ಅವನನ್ನ ಸಣ್ಣವನಾಗಿ ಮಾಡಿಟ್ಟಿದೀವಿ, ಆದ್ರೆ ಲಾಜರನ ಊರು ಬೇಥಾನ್ಯಕ್ಕೆ ಹೋಗೋದು ಅಪಾಯ ಅಂತ ಉಳಿದವರು ಹಿಂದೆ ಮುಂದೆ ನೋಡ್ತಿದ್ದಾಗ ನಾವೂ ಹೋಗಿ ಇವನ ಜೊತೆ ಸಾಯೋಣ ಬನ್ನಿ ಅಂದೋನು ಇವನೇ. ನೀನು ಎಲ್ಲಿಗೆ ಹೋಗ್ತೀಯೋ ನಮಗೆ ಗೊತ್ತಿಲ್ಲ, ದಾರಿ ಹೇಗೆ ಗೊತ್ತಾಗುತ್ತೆ ಅಂತ ಕೇಳಿದವನೂ ಇವನೇ, ಅದಕ್ಕೆ ಬಂದ ಉತ್ತರ ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ ಅನ್ನೋದು. ನಮ್ಮ ಮಕ್ಕಳು ಮೊದಮೊದಲೇ ಕಲಿಯೋ ವಚನ ಅದು, ತೋಮ ಸುಮ್ನೆ ತಲೆ ಆಡಿಸಿ ಕೂತಿದ್ದಿದ್ರೆ?

ಇನ್ನೊಂದು ವಿಷಯ ಯಾರೂ ಗಮನಿಸಲ್ಲ. ನಾನು ನೋಡದೆ ನಂಬಲ್ಲ ಅಂತ ಹೇಳಿ ಎಂಟು ದಿನ ಆದ್ಮೇಲೂ ತೋಮ ಶಿಷ್ಯರ ಜೊತೆ ಅದೇ ಮನೆಯಲ್ಲಿದ್ದ. ಅವರೂ ಓಡಿಸಲಿಲ್ಲ, ಇವನೂ ಬಿಟ್ಟು ಹೋಗಲಿಲ್ಲ. ಯೇಸು ಅವನಿಗೆ ಕಾಣಿಸ್ಕೊಂಡಿದ್ದು ಎಲ್ಲರ ನಡುವೆ ಇದ್ದಾಗ. ಸಂದೇಹ ಇರೋ ಮಗುಗೆ ಮನೆಯಲ್ಲೂ ಸಭೆಯಲ್ಲೂ ಅಷ್ಟು ಜಾಗ ಇರ್ಬೇಕು ಅನ್ನೋದೇ ನನ್ನ ಆಸೆ.

ನಂಬಿಕೆ ಅಂದ್ರೆ ಕುರ್ಚಿ ಮೇಲೆ ಕೂತ ಹಾಗೆ, ಮುರಿಯಲ್ಲ ಅಂತ ಭಾರ ಬಿಡೋದು ಅಂತ ಹೇಳಿಕೊಡ್ತಾರಲ್ಲ, ತೀರಾ ಚಿಕ್ಕ ಮಕ್ಕಳಿಗೆ ಪರವಾಗಿಲ್ಲ, ಆದ್ರೆ ನಂಗೆ ಅದು ಸಾಲಲ್ಲ ಅನ್ಸುತ್ತೆ. ಕುರ್ಚಿ ಸುಮ್ಮನಿದ್ರೆ ಯಾರಿಗೂ ನೋವಾಗಲ್ಲ. ನಿನ್ನ ಮಗಳಿಗೆ ನೋವಾಗಿರೋದು ಯೇಸು ತನ್ನವನು ಅಂತ ಅವಳು ಅಂದ್ಕೊಂಡಿರೋದ್ರಿಂದ. ದೇವರು ಒಬ್ಬನೇ ಅಂತ ದೆವ್ವಗಳೂ ನಂಬಿ ನಡುಗ್ತವೆ ಅಂತ ಅದೇ ಯಾಕೋಬ ಬರೀತಾನೆ, ಅಂದ್ರೆ ಇದಾನೆ ಅಂತ ಒಪ್ಪೋದು ಬೇರೆ, ಭರವಸೆ ಇಟ್ಟು ಅವನ ಹತ್ರ ಹೋಗೋದು ಬೇರೆ. ಸಿಟ್ಟಾಗಿದ್ರೂ ಅವನ ಹತ್ರಾನೇ ಹೋಗೋದನ್ನ ಅವಳು ನಿನ್ನನ್ನ ನೋಡಿ ಕಲೀತಾಳೆ, ಪಾಠದಿಂದ ಕಲಿಯೋದು ಕಡಿಮೆ.

ರಾತ್ರಿ ಪ್ರಾರ್ಥನೆಗೆ ಬಲವಂತ ಮಾಡ್ಬೇಡ. ಬೈಬಲ್‌ನ 13ನೇ ಕೀರ್ತನೆ ನೀನೇ ಓದು, ಆರೇ ವಚನ. ಎಲ್ಲಿಯವರೆಗೆ ಎಲ್ಲಿಯವರೆಗೆ ಅಂತ ನಾಲ್ಕು ಸಲ ದೇವರನ್ನ ಕೇಳ್ತಾನೆ ಅದನ್ನ ಬರೆದವನು. ಮೂರ್ಛೆರೋಗದ ಹುಡುಗನ ಅಪ್ಪ ಯೇಸುವಿನ ಹತ್ರ ಬಂದು ನಂಬ್ತೀನಿ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಕೂಗಿದ್ದನ್ನೂ ಹೇಳು, ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ ಅವನ ಮಗ ವಾಸಿಯಾದ. ಅವಳಿಗೆ ಇಷ್ಟ ಇದ್ರೆ ತನ್ನ ಪ್ರಶ್ನೆಗಳನ್ನ ನೋಟ್‌ಬುಕ್‌ನಲ್ಲಿ ಬರೆದಿಡಲಿ, ಉತ್ತರ ಸಿಕ್ಕಿದಾಗ ಪಕ್ಕದಲ್ಲಿ ಬರೀಲಿ, ಸಿಗದೇ ಇದ್ದಿದ್ದು ಖಾಲಿ ಇರಲಿ.

ಸ್ವಲ್ಪ ದೊಡ್ಡವಳಾದ್ಮೇಲೆ, ಹದಿಮೂರು ಹದಿನಾಲ್ಕಕ್ಕೆ, ಇದು ಅಪ್ಪ ಅಮ್ಮನ ನಂಬಿಕೆನಾ ನನ್ನದಾ ಅನ್ನೋ ಪ್ರಶ್ನೆ ಬರುತ್ತೆ. ಆಗ ಮದರ್ ತೆರೇಸಾ ಬಗ್ಗೆ ಹೇಳು. 1997ರಲ್ಲಿ ತೀರಿಕೊಂಡ್ರು, 2007ರಲ್ಲಿ ಅವರ ಪತ್ರಗಳು ಹೊರಬಂದಾಗ ವರ್ಷಾನುಗಟ್ಟಲೆ ದೇವರು ಹತ್ರ ಇದಾನೆ ಅಂತಾನೇ ಅವರಿಗೆ ಅನಿಸಿರ್ಲಿಲ್ಲ ಅಂತ ಗೊತ್ತಾಯ್ತು, ಆದ್ರೂ ಪ್ರಾರ್ಥನೆ ಬಿಡಲಿಲ್ಲ, ರೋಗಿಗಳ ಸೇವೆ ಬಿಡಲಿಲ್ಲ, 2016ರಲ್ಲಿ ಸಂತರು ಅಂತ ಘೋಷಣೆ ಆಯ್ತು.

ಸಭೆಯಲ್ಲಿ ಆ ಮಾತು ಹೇಳಿದವರ ಜೊತೆ ಜಗಳ ಬೇಡ, ಆದ್ರೆ ಪಾಸ್ಟರ್ ಹತ್ರ ಖಂಡಿತ ಮಾತಾಡು, ಸಂಡೇ ಸ್ಕೂಲ್ ಟೀಚರ್‌ಗೂ ಮನೆಯಲ್ಲಿ ಏನಾಗಿದೆ ಅಂತ ಮೊದಲೇ ತಿಳಿಸಿಡು, ಎಲ್ಲರ ಮುಂದೆ ಅವಳನ್ನ ಎಬ್ಬಿಸಿ ಪ್ರಾರ್ಥನೆ ಮಾಡಿಸೋದು ಸದ್ಯಕ್ಕೆ ಬೇಡ ಅಂತ. ಸಂದೇಹ ಪಡೋರಿಗೆ ಕನಿಕರ ತೋರಿಸಿ ಅಂತ ಬೈಬಲ್‌ನ ಯೂದನ ಪತ್ರದಲ್ಲಿದೆ, ಬೇಕಾದ್ರೆ ಅದನ್ನೇ ಅವರಿಗೂ ತೋರಿಸು. ಅವಳು ಇನ್ನೇನಾದ್ರೂ ಕೇಳಿದ್ರೆ ಅವಳ ಮಾತಲ್ಲೇ ನಂಗೆ ಬರೆದು ಕಳ್ಸು, ಒಟ್ಟಿಗೆ ಓದಿ ನೋಡೋಣ.

ಪ್ರೀತಿಯಿಂದ,
ನಿನ್ನ ಗೆಳತಿ