ಗೆಳೆಯನಿಗೊಂದು ಪತ್ರ: ಆ ಬಾಟಲಿಯನ್ನು ಚೆಲ್ಲಬೇಡ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿ ಗಾಬರಿಯಾಯಿತು. ಪೋರ್ಚುಗಲ್ಲಿನ ಪೋರ್ಟೋ ಊರಿಂದ ನಾನು ತಂದುಕೊಟ್ಟ ಪೋರ್ಟ್ ವೈನಿನ ಬಾಟಲಿಯನ್ನು ನಿನ್ನೆ ತೆರೆದೆ, ಲೋಟಕ್ಕೆ ಕಾಫಿ ಗಷ್ಟಿನಂಥದ್ದು ಬಂತು, ಬಾಯಿಗೆ ಬರೀ ಪಾಕದ ಹಾಗಿದೆ, ಸಿಂಕಿಗೆ ಸುರಿಯಲಾ ಅಂತ ಕೇಳಿದ್ದೀಯ. ಬೇಡ ಮಾರಾಯ! ಅದು ಕೆಟ್ಟಿಲ್ಲ. ಗಷ್ಟು ಬರುವಂಥದ್ದೇ ಬೇಕು ಅಂತ ನಾನು ಹುಡುಕಿ ತಂದಿದ್ದು.

ಲೇಬಲ್ ಮೇಲೆ ‘ಲೇಟ್ ಬಾಟಲ್ಡ್ ವಿಂಟೇಜ್’ ಅಂತಿದೆ ಅಲ್ವಾ? ಒಂದೇ ವರ್ಷದ ಕೊಯ್ಲಿನ ದ್ರಾಕ್ಷಿಯಿಂದ ಮಾಡಿದ್ದು ಅಂತ ಅರ್ಥ. ಬರೀ ‘ವಿಂಟೇಜ್’ ಅಂತಿರುವ ಪೋರ್ಟ್ ಎರಡು ಮೂರು ವರ್ಷಕ್ಕೇ ಬಾಟಲಿ ಸೇರುತ್ತದೆ. ಆಮೇಲೆ ಹದಕ್ಕೆ ಬರಲು ಹತ್ತಿಪ್ಪತ್ತು ವರ್ಷ ಕಾಯಬೇಕು. ನಿನ್ನ ಹತ್ತಿರ ಇರುವ ‘ಲೇಟ್ ಬಾಟಲ್ಡ್’ ಬಗೆಯನ್ನು ತಡವಾಗಿ ಬಾಟಲಿಗೆ ತುಂಬುತ್ತಾರೆ, ಕೊಯ್ಲಾದ 4ರಿಂದ 6ನೇ ವರ್ಷದೊಳಗೆ. ಅಲ್ಲಿಯವರೆಗೆ ದೊಡ್ಡ ಮರದ ಪೀಪಾಯಿಯಲ್ಲಿ ಮಾಗುತ್ತಿರುತ್ತದೆ. ಹಾಗಾಗಿ ನಾವು ಮುದುಕರಾಗುವವರೆಗೆ ಕಾಯಬೇಕಿಲ್ಲ, ಬೆಲೆಯೂ ಕಡಿಮೆ. ಪೋರ್ಟ್ ತಯಾರಿಸುವ ಟೇಲರ್ಸ್ ಕಂಪನಿ 1965ರ ಕೊಯ್ಲನ್ನು 1970ರಲ್ಲಿ ಹೀಗೆ ಮಾರುಕಟ್ಟೆಗೆ ತಂದ ಮೇಲೆ ಈ ಬಗೆಗೆ ಹೆಸರು ಬಂತು.

ಬಹಳಷ್ಟು ಕಡೆ ಇದನ್ನು ಸೋಸಿಯೇ ತುಂಬುತ್ತಾರೆ. ತೆರೆದು ಸೀದಾ ಬಗ್ಗಿಸಬಹುದು. ಆದರೆ ಸೋಸಿದರೆ ರುಚಿಯ ಗಟ್ಟಿತನವೂ ಸ್ವಲ್ಪ ಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ನಿನ್ನದು ಸೋಸದೆ ತುಂಬಿದ್ದು, ಗಷ್ಟು ಬಂದದ್ದು ಅದಕ್ಕೇ. ಇಂಥದ್ದು ಬಾಟಲಿಯೊಳಗೂ ಮಾಗುತ್ತದೆ, ಅದಕ್ಕೇ ಬಿರಡೆ ಅಷ್ಟು ಉದ್ದ, ತೆಗೆಯಲು ಕಾರ್ಕ್ ಸ್ಕ್ರೂ ಬೇಕಾಯಿತು.

ಈಗ ಹೀಗೆ ಮಾಡು. ಬಾಟಲಿಯನ್ನು ಅಲುಗಿಸದೆ ಒಂದು ದಿನ ನೆಟ್ಟಗೆ ನಿಲ್ಲಿಸು. ಆಮೇಲೆ ನಿಧಾನವಾಗಿ ಬೇರೆ ಜಗ್ಗಿಗೆ ತಿಳಿಯನ್ನಷ್ಟೇ ಬಸಿ. ಗಷ್ಟು ಬಾಟಲಿಯ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿಬಿಡು. ನಂತರ ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ಪಾಕದ ಹಾಗಿತ್ತು ಅಂದೆಯಲ್ಲ, ನೀನು ಅದನ್ನು ಬೇಸಿಗೆಯ ಕೋಣೆಯ ಬಿಸಿಯಲ್ಲೇ ಕುಡಿದಿದ್ದೀಯ. ಇದಕ್ಕೆ 16ರಿಂದ 18 ಡಿಗ್ರಿ ಸಾಕು. ಬಿಸಿಯಾದರೆ ಸಿಹಿ ಮತ್ತು ಆಲ್ಕೋಹಾಲ್ ಎರಡೇ ಮುಂದೆ ಬರುತ್ತವೆ, ಉಳಿದದ್ದೆಲ್ಲ ಅಡಗಿಬಿಡುತ್ತದೆ.

ಸಿಹಿ ಇರುವುದು ಸಹಜ. ಪೋರ್ಟ್ ತಯಾರಾಗುವ ಪೋರ್ಚುಗಲ್ಲಿನ ಡೌರೋ ಕಣಿವೆಯಲ್ಲಿ ದ್ರಾಕ್ಷಿರಸ ಹುಳಿಯುತ್ತಿರುವಾಗಲೇ, ನಡುವಿನಲ್ಲಿ, ಶೇ 77ರಷ್ಟು ಆಲ್ಕೋಹಾಲಿರುವ ದ್ರಾಕ್ಷಿ ಸಾರಾಯಿ ಸೇರಿಸುತ್ತಾರೆ. ಸುಮಾರು 435 ಲೀಟರ್ ರಸಕ್ಕೆ 115 ಲೀಟರ್. ಹುಳಿಯುವುದು ಅಲ್ಲಿಗೇ ನಿಲ್ಲುತ್ತದೆ, ಹಣ್ಣಿನ ಸಕ್ಕರೆ ಉಳಿದುಬಿಡುತ್ತದೆ. ಗೋವಾದಲ್ಲಿ ನಾವು ಕುಡಿದ ಅಗ್ಗದ ‘ಪೋರ್ಟ್ ವೈನ್’ ಕೂಡ ಸಿಹಿಯೇ. ಆ ಸಿಹಿಯನ್ನು ಹಿಡಿದು ನಿಲ್ಲಿಸುವಂಥದ್ದು ಅದರಲ್ಲಿ ನನಗೆ ಸಿಗಲಿಲ್ಲ.

ಹಿಡಿದು ನಿಲ್ಲಿಸುವುದು ಒಗರು. ನೀನು ಹುಡುಕಬೇಕಾದ್ದು ಅದನ್ನೇ. ಸಣ್ಣ ಗುಟುಕು ತಗೊಂಡು ಬಾಯಲ್ಲೆಲ್ಲ ಓಡಾಡಿಸು. ಮೊದಲು ಸಿಹಿ ಬರುತ್ತದೆ, ಅದನ್ನು ಹೋಗಲು ಬಿಡು. ಹಿಂದೆಯೇ ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ಆ ಥರ ಒಸಡು ಬಿಗಿಯಬೇಕು. ಸ್ವಲ್ಪ ಹುಳಿ, ಕೊನೆಗೆ ಕಾಳುಮೆಣಸಿನ ಚುರುಕು. ನುಂಗಿದ ಮೇಲೆ ಸುಮ್ನೆ ಕೂತು ಗಮನಿಸು. ಒಗರು ಮೆಲ್ಲಗೆ ಕರಗಿ ಹಣ್ಣಿನ ರುಚಿ ಇನ್ನೂ ಉಳಿದಿದ್ದರೆ ಒಳ್ಳೆಯ ಪೋರ್ಟ್. ಸಿಹಿಯೊಂದೇ ಅಂಟಿಕೊಂಡಿದ್ದರೆ ಸಾಧಾರಣ. ಗಂಟಲು ಸುಟ್ಟರೆ ಸಾರಾಯಿ ಇನ್ನೂ ಬೆರೆತಿಲ್ಲ ಅಂತ.

ಬಣ್ಣವನ್ನೂ ನೋಡು. ಬಿಳಿ ಕಾಗದದ ಮೇಲೆ ಲೋಟ ಓರೆ ಮಾಡು. ಅಂಚು ಕೆನ್ನೇರಳೆಯಾಗಿದ್ದರೆ ಇನ್ನೂ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದ್ದು. ಜೊತೆಗೆ ಕಹಿ ಚಾಕೊಲೇಟ್ ಇದ್ದರೆ ಚೆನ್ನ, ಆದರೆ ಮೊದಲ ಲೋಟ ಬರಿಯದನ್ನೇ ಕುಡಿ.

ಒಂದೇ ದಿನ ಮುಗಿಸಬೇಡ. ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ನನ್ನ ಬಾಟಲಿ ಎರಡನೇ ದಿನ ಮೊದಲ ದಿನಕ್ಕಿಂತ ಜಾಸ್ತಿ ಘಮಘಮಿಸಿತ್ತು. ನಿನ್ನದೂ ಹಾಗೇ ಆಯಿತಾ ಅಂತ ಬರೆ, ಕಾಯ್ತಿರುತ್ತೇನೆ.

ನಿನ್ನ ಗೆಳೆಯ