ಸರ್ಜಿಕಲ್ ವಾರ್ಡಿನ ನಮ್ಮ ಮೇಡಂ ಅವರಿಗೆ

ಹೆಸರು ಬರೆದರೆ ನಿಮಗೆ ಹಿಡಿಸುವುದಿಲ್ಲ, ಹಾಗಾಗಿ ಬರೆಯುತ್ತಿಲ್ಲ ಮೇಡಂ. ಧನ್ಯವಾದವನ್ನು ಮಾತ್ರ ನಾಲ್ಕು ಜನರ ಮುಂದೆಯೇ ಹೇಳಬೇಕು.

ಬಿ.ಎಸ್ಸಿ. ನರ್ಸಿಂಗ್ ಎಂದರೆ 4 ವರ್ಷ, 8 ಸೆಮಿಸ್ಟರ್ ಎಂದಷ್ಟೇ ಹೊರಗಿನವರಿಗೆ ಗೊತ್ತು. ಬೆಳಗ್ಗೆ ವಾರ್ಡ್, ಮಧ್ಯಾಹ್ನ ತರಗತಿ, ರಾತ್ರಿ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಯೋಜನೆ ಬರೆಯುವುದು. ನಡುವೆ ರೋಗಿಯ ಕಡೆಯವರ ಎದುರಿಗೇ ಬೈಗುಳ. ಬೈದರೆ ಮಾತ್ರ ಕಲಿಯುತ್ತಾರೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಬೈಸಿಕೊಂಡ ದಿನ ಬಿ.ಪಿ. ನೋಡಲು ಕೂತರೆ ನನ್ನ ಎದೆಬಡಿತವೇ ಕಿವಿ ತುಂಬುತ್ತಿತ್ತು!

500 ಎಂ.ಎಲ್. ಸಲೈನ್ 4 ಗಂಟೆಯಲ್ಲಿ ಇಳಿಯಬೇಕು, ಡ್ರಿಪ್ಪಿನ ಕೊಳವೆ (ಸೆಟ್) ಎಂ.ಎಲ್.ಗೆ 20 ಹನಿಯದು: ನಿಮಿಷಕ್ಕೆ ಸುಮಾರು 42 ಹನಿ. ಲೆಕ್ಕ ಬಾಯಿಪಾಠವಿದ್ದರೂ ಕೈ ನಡುಗುತ್ತಿತ್ತು. ನೀವು ಕೈಗಡಿಯಾರ ಬಿಚ್ಚಿ ಡ್ರಿಪ್ಪಿನ ಪಕ್ಕ ಹಿಡಿದು, "ಹನಿ ನೀನು ಎಣಿಸು, ಸೆಕೆಂಡು ನಾನು ನೋಡುತ್ತೇನೆ" ಎಂದಿರಿ. ನಡುಕ ನಿಂತಿದ್ದು ನನಗೇ ತಿಳಿಯಲಿಲ್ಲ.

ನಾನು ನೋಡಿಕೊಳ್ಳುತ್ತಿದ್ದ ಅಜ್ಜ ತೀರಿಕೊಂಡಾಗ ಕೊನೆಯ ಆರೈಕೆಯನ್ನು ನನ್ನ ಜೊತೆ ನಿಂತು ಮುಗಿಸಿ, ಕ್ಯಾಂಟೀನಿಗೆ ಕರೆದೊಯ್ದು ಚಹಾ ಕುಡಿಸಿದಿರಿ. "ಗಟ್ಟಿಯಾಗಬೇಕಮ್ಮ" ಎಂಬ ಮಾಮೂಲಿ ಉಪದೇಶ ಬರಲಿಲ್ಲ, ಪುಣ್ಯಕ್ಕೆ. ಊಟವಾಯಿತೇ, ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಿದಿರಿ. ಬರುತ್ತಿಲ್ಲ ಎಂದು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಹಾಸ್ಟೆಲ್ ಬಿಟ್ಟು ಊರಿಗೆ ಹೊರಟುಬಿಡುವ ಯೋಚನೆ ಅಲ್ಲಿಗೆ ಹಿಂದೆ ಸರಿಯಿತು.

ಈಗ ನನ್ನ ವಾರ್ಡಿಗೂ ವಿದ್ಯಾರ್ಥಿಗಳು ಬರುತ್ತಾರೆ. ತಿದ್ದುವುದಿದ್ದರೆ ರೋಗಿಯ ಎದುರು ತಿದ್ದುವುದಿಲ್ಲ, ಪಕ್ಕಕ್ಕೆ ಕರೆದು ಹೇಳುತ್ತೇನೆ. ಅದು ನಿಮ್ಮಿಂದ ಕಲಿತದ್ದು ಮೇಡಂ. ಅನಂತ ವಂದನೆಗಳು.