ಹೊಸ ಕ್ಯಾಮೆರಾ ಬೇಕಾ? ಶನಿವಾರದೊಳಗೆ ಹೇಳಿ

ಎಲ್ಲರಿಗೂ ನಮಸ್ಕಾರ. ಗುಂಪಿನ ದುಡ್ಡಿನಲ್ಲಿ ಗೋಪ್ರೋ ಹೀರೋ 13 ತಗೊಳ್ಳೋಣ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ನನಗೇನೋ ಅಷ್ಟು ಅವಸರ ಕಾಣಿಸುತ್ತಿಲ್ಲ.

ನಮ್ಮ ಹತ್ತಿರ ಇರುವುದು ಹೀರೋ 12. ಎರಡರಲ್ಲೂ ಚಿತ್ರ ಹಿಡಿಯುವ ಸೆನ್ಸರ್ ಅಳತೆ ಒಂದೇ. ವಿಡಿಯೋ ಸ್ಪಷ್ಟತೆ ಎರಡರಲ್ಲೂ 5.3ಕೆ, ಸೆಕೆಂಡಿಗೆ 60 ಫ್ರೇಮ್. ಕಪ್ಪತಗುಡ್ಡದ ಗಾಳಿಯಂತ್ರಗಳು ಹೊಸದರಲ್ಲೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. 12ರಲ್ಲಿ ತೆಗೆದುಹಾಕಿದ್ದ ಜಿಪಿಎಸ್ 13ರಲ್ಲಿ ವಾಪಸ್ ಬಂದಿದೆ, ನಿಜ. ಬ್ಯಾಟರಿಯೂ 1720ರಿಂದ 1900 ಎಂಎಎಚ್‌ಗೆ ಏರಿದೆ. ಆದರೆ ನಮ್ಮ ಮೂರು ಹಳೆ ಬ್ಯಾಟರಿ ಅದರಲ್ಲಿ ಕೂರುವುದಿಲ್ಲ! ಅವನ್ನೂ ಹೊಸದಾಗಿ ಕೊಳ್ಳಬೇಕು. ಆ ಖರ್ಚನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ಹೋದ ತಿಂಗಳ ಸೈಕಲ್ ಸವಾರಿ ವಿಡಿಯೋ ಯಾಕೆ ಕೆಟ್ಟಿತು ಗೊತ್ತಾ? ನಿನ್ನೆ ರಾತ್ರಿ ಕೂತು ನೋಡಿದೆ. ಲೆನ್ಸ್ ತುಂಬ ಕೆಂಪು ಧೂಳು, ನಟ್ಟನಡುವೆ ಜಿಡ್ಡಿನ ಹೆಬ್ಬೆರಳ ಗುರುತು. ಮಿರ್ಚಿ ತಿಂದ ಕೈಯಲ್ಲಿ ಮುಟ್ಟಿದವರು ಯಾರು ಅಂತ ನಾನು ಕೇಳೋದಿಲ್ಲ. ಮಾತು ಒಂದೂ ಕೇಳಿಸಲ್ಲ, ಬರೀ ಗಾಳಿ ಬೊರ್ರೋ ಅನ್ನುತ್ತದೆ. ಅದಕ್ಕೊಂದು ಸ್ಪಂಜಿನ ಕವರ್ ತಂದಿದ್ದೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಸಾಧನಕೇರಿ ಹತ್ತಿರ ಸೇರಿದಾಗ ಹಾಕಿ ನೋಡೋಣ.

ಇಲ್ಲ, ಹೊಸದೇ ಬೇಕು ಅಂದರೆ ಡಿಜೆಐ ಆಸ್ಮೋ ಆಕ್ಷನ್ 5 ಪ್ರೋ ಕೂಡ ನೋಡಿ. ಒಳಗೇ 47 ಜಿಬಿ ಜಾಗ ಇದೆ. ಕಾರ್ಡ್ ಮನೆಯಲ್ಲೇ ಮರೆತು ಬರುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಬೇಕು ಅನ್ನುವವರು ಯಾಕೆ ಬೇಕು ಅಂತ ಒಂದು ಸಾಲು ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ನಡೆಯಲ್ಲ.